ಅನುವಾದಕ್ಕೂ ಸರಿ ಪಾಲು
ನಮ್ಮ ಹಾಸನದ ಬಾನು ಮುಷ್ತಾಕ್ ಅವರಿಗೆ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಗಂಡಸಿಯಲ್ಲೂ ಖುಷಿಪಟ್ಟೆವು. ಆದರೆ ಒಂದು ಸಂಗತಿ ಗಮನಿಸಿ. 50,000 ಪೌಂಡ್ ಬಹುಮಾನದಲ್ಲಿ ಸರಿ ಅರ್ಧ, ಕನ್ನಡದ ಆ 12 ಕತೆಗಳನ್ನು ‘ಹಾರ್ಟ್ ಲ್ಯಾಂಪ್’ ಎಂದು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಅವರದು. ಗೆದ್ದದ್ದು ಎರಡು ಭಾಷೆಗಳ ದುಡಿಮೆ.

ಬ್ಯಾರಿಗೆ ರಾಜ್ಯದಲ್ಲಿ 2009ರಿಂದ ಸಾಹಿತ್ಯ ಅಕಾಡೆಮಿ ಇದೆ, ಅಲ್‌ಹಮ್ದುಲಿಲ್ಲಾಹ್. ಕೇಂದ್ರ ಸಾಹಿತ್ಯ ಅಕಾಡೆಮಿ ವರ್ಷ ವರ್ಷ ಪುಸ್ತಕಗಳಿಗೆ ಪ್ರಶಸ್ತಿ ಕೊಡುವ 24 ಭಾಷೆಗಳಲ್ಲಿ ಮಾತ್ರ ನಮ್ಮದಿಲ್ಲ. ಹಾಗಾಗಿ ಬ್ಯಾರಿ ಕತೆ ದೂರ ಹೋಗಬೇಕಾದ್ರೆ ಕನ್ನಡವೇ ಹತ್ತಿರದ ದಾರಿ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ ಅನ್ನುವ ನಮ್ಮ ಹೆಣ್ಮಕ್ಕಳಿಗಿಂತ ಚೆನ್ನಾಗಿ ಈ ಕೆಲಸ ಯಾರು ಮಾಡ್ತಾರೆ? ಪಿಯುಸಿ ಆಯ್ತು, ಓದಿದ್ದು ಸಾಕು ಅನ್ನುವವರು ಸ್ವಲ್ಪ ಯೋಚಿಸಲಿ. ಉಮ್ಮ ಹೇಳುವ ಕತೆಯನ್ನು ಮಗಳು ಮೊದಲು ಬ್ಯಾರಿಯಲ್ಲಿ, ಆಮೇಲೆ ಕನ್ನಡದಲ್ಲಿ ಬರೆದಿಡಲಿ. ಈ ವಾರವೇ ಒಂದು ನೋಟ್‌ಬುಕ್ ತಂದುಕೊಡಿ.