ಅಗ್ಗದ ಮದ್ದು ಮತ್ತು ನಮ್ಮ ಸಂಶಯ

ಭಾನುವಾರದ ಎರಡನೇ ಬಲಿಪೂಜೆ ಮುಗಿಸಿ ಹೊರಬಂದಾಗ ಹಿರಿಯರೊಬ್ಬರು ಚರ್ಚಿನ ಜಗಲಿಯಲ್ಲಿ ಕಾಯುತ್ತಿದ್ದರು. ಅಂಗಿ ಜೇಬಿನಿಂದ ಎರಡು ಮಾತ್ರೆ ಸ್ಟ್ರಿಪ್ ತೆಗೆದು ನನ್ನ ಕೈಗಿತ್ತರು. ಒಂದು ಪೇಟೆಯ ಮೆಡಿಕಲಿನದ್ದು, ಇನ್ನೊಂದು ಜನೌಷಧಿ ಕೇಂದ್ರದ್ದು. ಎರಡೂ ಬಿಪಿ ಮಾತ್ರೆ, ಎರಡರ ಹಿಂದೆಯೂ ಬರೆದಿದ್ದ ಔಷಧದ ಹೆಸರು ಒಂದೇ. "ಫಾದರ್, ಈ ಅಗ್ಗದ್ದರಲ್ಲಿ ಪವರ್ ಇರುವುದಿಲ್ಲ, ತಿನ್ನಬೇಡಿ ಅಂತ ಮಗ ಕುವೈತಿನಿಂದ ಫೋನ್ ಮಾಡಿ ಹೇಳಿದ. ಮೊದಲಿನದ್ದು ತೆಗೆದುಕೊಳ್ಳಲು ನನ್ನ ಪೆನ್ಷನ್ ಸಾಲುವುದಿಲ್ಲ. ಎರಡನ್ನೂ ನಿಲ್ಲಿಸಿದ್ದೇನೆ" ಎಂದರು. ನಿಲ್ಲಿಸಿ ಹದಿನೈದು ದಿನವಾಗಿತ್ತು.

ನಾನು ವೈದ್ಯನಲ್ಲ. ಅವರನ್ನು ಅಂದೇ ಡಾಕ್ಟರರ ಬಳಿಗೆ ಕಳುಹಿಸಿದೆ. ಆದರೆ ಈ ಮಾತು ಅವರೊಬ್ಬರದ್ದಲ್ಲ. ಮದ್ದಿನ ಬಗ್ಗೆ ನಮ್ಮ ಮನೆಗಳಲ್ಲಿ ಎರಡು ನಂಬಿಕೆಗಳು ಬಲವಾಗಿ ಬೇರೂರಿವೆ. ಒಂದು, ಅಗ್ಗದ ಮದ್ದು ಕೆಲಸ ಮಾಡುವುದಿಲ್ಲ. ಇನ್ನೊಂದು, ದೊಡ್ಡ ಕಂಪೆನಿಗಳು ರೋಗ ಗುಣಪಡಿಸುವ ಮದ್ದನ್ನು ಬಚ್ಚಿಟ್ಟು ನಮ್ಮನ್ನು ಜೀವನಪೂರ್ತಿ ರೋಗಿಗಳನ್ನಾಗಿ ಇಡುತ್ತವೆ. ತಮಾಷೆಯೆಂದರೆ ಎರಡನ್ನೂ ಒಬ್ಬರೇ ನಂಬುತ್ತಾರೆ. ಕಂಪೆನಿ ಕಳ್ಳ, ಆದರೆ ಅದೇ ಕಂಪೆನಿಯ ದುಬಾರಿ ಮಾತ್ರೆಯೇ ಒಳ್ಳೆಯದು!

ಬಚ್ಚಿಡುವ ಮಾತನ್ನು ಮೊದಲು ನೋಡೋಣ. ಹೆಪಟೈಟಿಸ್ ಸಿ ಎಂಬ ಯಕೃತ್ತಿನ ರೋಗವನ್ನು ಸುಮಾರು ಹನ್ನೆರಡು ವಾರಗಳಲ್ಲಿ ಬಹುಪಾಲು ರೋಗಿಗಳಲ್ಲಿ ಪೂರ್ಣ ಗುಣಪಡಿಸುವ ಸೊಫೊಸ್ಬುವಿರ್ ಮಾತ್ರೆ 2013ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಕಂಪೆನಿ ಅದನ್ನು ಬಚ್ಚಿಡಲಿಲ್ಲ. 84,000 ಡಾಲರ್ ಬೆಲೆ ಹಾಕಿ ರಾಜಾರೋಷವಾಗಿ ಮಾರಿತು. ಅಲ್ಲಿಯ ತಪ್ಪು ಬಚ್ಚಿಟ್ಟದ್ದಲ್ಲ, ಬಡವನ ಕೈಗೆಟುಕದಷ್ಟು ಎತ್ತರದಲ್ಲಿ ಇಟ್ಟದ್ದು. ಮುಂದೆ ಭಾರತದ ಕಂಪೆನಿಗಳು ಪರವಾನಗಿ ಪಡೆದು ಇದೇ ಮದ್ದನ್ನು ಅತಿ ಕಡಿಮೆ ಬೆಲೆಗೆ ತಯಾರಿಸಿದವು. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿಯೂ ಸಿಗುವಂತಾಯಿತು.

ಇದು ಹೇಗೆ ಸಾಧ್ಯವಾಯಿತು? 1970ರ ನಮ್ಮ ಪೇಟೆಂಟ್ ಕಾಯಿದೆ ಮದ್ದಿಗೆ ಪೇಟೆಂಟ್ ಕೊಡದೆ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಕೊಟ್ಟಿತು. ಬೇರೆ ವಿಧಾನದಲ್ಲಿ ಅದೇ ಮದ್ದು ಮಾಡಲು ನಮ್ಮವರಿಗೆ ಅಡ್ಡಿಯಿರಲಿಲ್ಲ. ಭಾರತದ ಔಷಧೋದ್ಯಮ ಬೆಳೆದದ್ದೇ ಈ ಬುನಾದಿಯ ಮೇಲೆ. 2001ರಲ್ಲಿ, ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಹೆಚ್ಚಿದ್ದ ಏಡ್ಸ್ ಔಷಧಗಳನ್ನು ಮುಂಬೈಯ ಸಿಪ್ಲಾ ಸಂಸ್ಥೆ 350 ಡಾಲರಿಗೆ ಕೊಡಲು ಮುಂದಾದಾಗ ಆಫ್ರಿಕಾದ ಲಕ್ಷಾಂತರ ಜನರಿಗೆ ಬದುಕುವ ದಾರಿ ತೆರೆಯಿತು. 2005ರಲ್ಲಿ ಜಾಗತಿಕ ವ್ಯಾಪಾರ ಒಪ್ಪಂದಕ್ಕೆ ಬದ್ಧರಾಗಿ ಮದ್ದಿಗೂ ಪೇಟೆಂಟ್ ಕೊಡುವುದು ಅನಿವಾರ್ಯವಾಯಿತಾದರೂ, ಹಳೆ ಮದ್ದಿಗೆ ಹೊಸ ಅಂಗಿ ತೊಡಿಸಿ ಪೇಟೆಂಟ್ ಕೇಳಬಾರದೆಂಬ ಕಲಮನ್ನು ಸಂಸತ್ತು ಸೇರಿಸಿತು. ಆ ಕಲಮಿನ ಬಲದಿಂದಲೇ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ರಕ್ತದ ಕ್ಯಾನ್ಸರಿನ ಗ್ಲಿವೆಕ್ ಕುರಿತ ನೊವಾರ್ಟಿಸ್ ಕಂಪೆನಿಯ ಅರ್ಜಿಯನ್ನು ತಳ್ಳಿಹಾಕಿತು. ಆಗ ಗ್ಲಿವೆಕ್‌ಗೆ ತಿಂಗಳಿಗೆ ಒಂದು ಲಕ್ಷಕ್ಕೂ ಮಿಕ್ಕಿದ ಬೆಲೆ. ಅದರ ಜೆನೆರಿಕ್‌ಗೆ ಹತ್ತು ಸಾವಿರದೊಳಗೆ. ಆರೋಗ್ಯದ ವಿಷಯದಲ್ಲಿ ಬೌದ್ಧಿಕ ಆಸ್ತಿಯ ಹಕ್ಕನ್ನು ಅತಿಯಾಗಿ ಬಿಗಿಹಿಡಿಯುವುದು ಸರಿಯಲ್ಲವೆಂದು ಪೋಪ್ 16ನೇ ಬೆನೆಡಿಕ್ಟರು 2009ರ ತಮ್ಮ ಪರಿಪತ್ರದಲ್ಲೇ ಎಚ್ಚರಿಸಿದ್ದರು.

ಹಾಗಾದರೆ ಅಗ್ಗವೆಂದರೆ ಕಳಪೆಯಲ್ಲ. ಸಂಶೋಧನೆಯ, ಜಾಹೀರಾತಿನ, ಎಂಆರ್‌ಗಳ ಸಂಬಳದ ಖರ್ಚು ಆ ಬೆಲೆಯಲ್ಲಿ ಸೇರಿಲ್ಲ, ಅಷ್ಟೇ. ಆದರೆ ಇಲ್ಲಿಗೆ ನಿಲ್ಲಿಸಿದರೆ ನಾನು ಅರ್ಧ ಸತ್ಯ ಹೇಳಿದಂತಾಗುತ್ತದೆ.

ಜೆನೆರಿಕ್ ಬಗ್ಗೆ ಅನೇಕ ವೈದ್ಯರಿಗೆ ಇರುವ ಅಳುಕು ಪೂರ್ತಿ ಸ್ವಾರ್ಥದ್ದಲ್ಲ. ಮೂಲ ಮದ್ದಿನಷ್ಟೇ ಪ್ರಮಾಣ, ಅಷ್ಟೇ ವೇಗದಲ್ಲಿ ರಕ್ತಕ್ಕೆ ಸೇರುತ್ತದೆಯೇ ಎಂದು ಆರೋಗ್ಯವಂತರ ರಕ್ತ ತೆಗೆದು ನೋಡುವ ಪರೀಕ್ಷೆಯೊಂದಿದೆ. ನೀರಿನಲ್ಲಿ ಸುಲಭವಾಗಿ ಕರಗದ ಔಷಧಗಳಿಗೆ ನಮ್ಮ ದೇಶದಲ್ಲಿ ಇದು ಕಡ್ಡಾಯವಾದದ್ದು 2017ರಲ್ಲಿ. ಅದಕ್ಕೆ ಮೊದಲು, ಹೊಸ ಔಷಧವೊಂದು ಬಂದು ನಾಲ್ಕು ವರ್ಷ ಕಳೆದ ಮೇಲೆ ರಾಜ್ಯದ ಪರವಾನಗಿ ಪಡೆದು ಈ ಪರೀಕ್ಷೆಯಿಲ್ಲದೆಯೇ ಮಾರುಕಟ್ಟೆಗೆ ಬರಬಹುದಿತ್ತು. ವೈದ್ಯರು ಜೆನೆರಿಕ್ ಹೆಸರನ್ನೇ ಬರೆಯಬೇಕೆಂದು 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ನಿಯಮ ತಂದಾಗ, ಮೊದಲು ಗುಣಮಟ್ಟದ ಖಾತರಿ ಕೊಡಿ ಎಂದು ವೈದ್ಯರ ಸಂಘ ಪಟ್ಟು ಹಿಡಿಯಿತು. ಅದೇ ತಿಂಗಳು ನಿಯಮವನ್ನು ತಡೆಹಿಡಿಯಲಾಯಿತು. ವೈದ್ಯರು ಕೇಳಿದ ಖಾತರಿ ಮಾತ್ರ ಆ ಗದ್ದಲದಲ್ಲಿ ಹಿಂದೆ ಉಳಿಯಿತು.

ಬ್ರಾಂಡಿನ ಹೆಸರು ಆ ಖಾತರಿ ಕೊಡುತ್ತದೆಯೇ? 2025ರ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಛಿಂದ್ವಾಡ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಎಳೆಯ ಮಕ್ಕಳು ಕಿಡ್ನಿ ವಿಫಲವಾಗಿ ಸತ್ತರು. ಅವರಿಗೆ ಕೊಟ್ಟ ಕೆಮ್ಮಿನ ಸಿರಪ್ಪಿಗೆ ಬ್ರಾಂಡ್ ಹೆಸರಿತ್ತು, ವೈದ್ಯರ ಚೀಟಿಯೂ ಇತ್ತು. ತಮಿಳುನಾಡಿನ ಪ್ರಯೋಗಾಲಯ ಪರೀಕ್ಷಿಸಿದಾಗ ಅದರಲ್ಲಿ ಶೇಕಡಾ 48.6ರಷ್ಟು ಡೈಎಥಿಲಿನ್ ಗ್ಲೈಕಾಲ್ ಎಂಬ ವಿಷ ಕಂಡಿತು. ಇರಬಹುದಾದ ಮಿತಿ ಶೇಕಡಾ 0.1. ಇದೇ ವಿಷ 1986ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಹದಿನಾಲ್ಕು ಜನರನ್ನು ಕೊಂದಿತ್ತು. 2022ರಲ್ಲಿ ಗ್ಯಾಂಬಿಯಾದಲ್ಲಿ ಸುಮಾರು ಎಪ್ಪತ್ತು ಮಕ್ಕಳ ಸಾವಿಗೆ ಕಾರಣವೆಂದು ಹೇಳಲಾದ, ಭಾರತದಿಂದ ಹೋದ ಸಿರಪ್ಪುಗಳಲ್ಲೂ ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಕಂಡಿತು. ಕಚ್ಚಾ ದ್ರಾವಣದ ಪ್ರತಿಯೊಂದು ಬ್ಯಾಚನ್ನೂ ಬಳಸುವ ಮೊದಲು ಪರೀಕ್ಷಿಸಿದ್ದರೆ ಸಿಕ್ಕಿಬೀಳುವ ವಿಷವಿದು.

ನಮ್ಮ ರಾಜ್ಯದಲ್ಲೇ ನೋಡಿ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು, ಒಟ್ಟು ಐವರು, ತೀರಿಹೋದರು. ಅವರಿಗೆ ಹಾಕಿದ್ದ ಗ್ಲೂಕೋಸ್ ಮಾದರಿಯ ಡ್ರಿಪ್ ಮೇಲೆ ಸಂಶಯ ಬಂತು. ಅದೇ ಕಂಪೆನಿಯ ಕೆಲವು ಬ್ಯಾಚುಗಳನ್ನು ರಾಜ್ಯದ ಪ್ರಯೋಗಾಲಯ ಮೊದಲೇ ಕಳಪೆಯೆಂದಿತ್ತು, ಕೇಂದ್ರದ ಪ್ರಯೋಗಾಲಯ ಸರಿಯಿದೆ ಎಂದಿತ್ತು. ಸಾವಿನ ನಂತರ ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಲಾಯಿತು. ತಾಯಿಯಿಲ್ಲದ ಆ ಮಕ್ಕಳ ಮನೆಯವರಿಗೆ, ಎರಡು ಪ್ರಯೋಗಾಲಯಗಳು ಎರಡು ಮಾತು ಹೇಳಿದ್ದು ಯಾಕೆ ಎಂಬುದನ್ನು ಯಾರು ವಿವರಿಸಬೇಕು?

ಅಗ್ಗದ್ದು ಬೇಡ ಎನ್ನುವವರೂ ಕಂಪೆನಿಗಳೆಲ್ಲ ಕಳ್ಳರು ಎನ್ನುವವರೂ ಈ ಪ್ರಶ್ನೆಯನ್ನು ಕೇಳುವುದಿಲ್ಲ. ಔಷಧ ಪರಿವೀಕ್ಷಕರು ಎಷ್ಟು ಮಂದಿ ಇದ್ದಾರೆ, ಎಷ್ಟು ಹುದ್ದೆ ಖಾಲಿ, ಮಾದರಿ ಕಳುಹಿಸಿದ ಎಷ್ಟು ದಿನಕ್ಕೆ ವರದಿ ಬರುತ್ತದೆ, ಅಷ್ಟರಲ್ಲಿ ಆ ಬ್ಯಾಚು ಎಷ್ಟು ಮನೆ ಸೇರಿರುತ್ತದೆ, ಇದನ್ನು ಮತ ಕೇಳಲು ಬಂದವರ ಹತ್ತಿರ ನಾವು ಕೇಳಿದ್ದುಂಟೇ? ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಗುಣಮಟ್ಟದಲ್ಲಿ ಸೋತ ಮದ್ದುಗಳ ಪಟ್ಟಿಯನ್ನು ಪ್ರತಿ ತಿಂಗಳು ಪ್ರಕಟಿಸುತ್ತದೆ. 2024ರ ಸೆಪ್ಟೆಂಬರಿನಲ್ಲಿ ಬಂದ ಪಟ್ಟಿಯಲ್ಲಿ ಐವತ್ತಕ್ಕೂ ಹೆಚ್ಚು ಹೆಸರುಗಳಿದ್ದವು. ನಮ್ಮ ನಿಮ್ಮ ಮನೆಯ ಕಪಾಟಿನಲ್ಲಿರುವ ಪ್ರಸಿದ್ಧ ಬ್ರಾಂಡುಗಳೂ ಇದ್ದವು. ಅವು ನಮ್ಮವಲ್ಲ, ನಕಲಿ ಎಂದು ಕೆಲವು ಕಂಪೆನಿಗಳು ಹೇಳಿದವು. ನುಂಗಿದವನಿಗೆ ಆ ವ್ಯತ್ಯಾಸದಿಂದ ಏನು ಪ್ರಯೋಜನ?

ಇನ್ನೊಂದು ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಮೆಡಿಕಲಿನಲ್ಲಿ ಜೆನೆರಿಕ್ ಎಂದು ಕೊಡುವುದೆಲ್ಲ ಗಿರಾಕಿಗೆ ಅಗ್ಗವಲ್ಲ. ಅಂಗಡಿಗೆ ತೀರಾ ಕಡಿಮೆ ಬೆಲೆಗೆ ಬರುವ ಮಾತ್ರೆಯ ಮೇಲೂ ಬ್ರಾಂಡಿನ ಸಮೀಪದ ಎಂಆರ್‌ಪಿ ಮುದ್ರಿಸಿರುವುದುಂಟು. ನಡುವಿನ ಹಣ ಅಂಗಡಿಯವರದ್ದು. "ಹತ್ತು ಪರ್ಸೆಂಟ್ ಡಿಸ್ಕೌಂಟ್" ಎಂದಾಗ ನಾವು ಸಂತೋಷಪಟ್ಟು ಬರುತ್ತೇವೆ. ಜನೌಷಧಿ ಕೇಂದ್ರದಲ್ಲಿ ಮುದ್ರಿತ ಬೆಲೆಯೇ ಬ್ರಾಂಡಿಗಿಂತ ಶೇಕಡಾ 50ರಿಂದ 80ರಷ್ಟು ಕಡಿಮೆ. ಎಲ್ಲಿ ಕೊಂಡರೂ ಬಿಲ್ ಕೇಳಿ ಪಡೆಯಿರಿ, ಅದರಲ್ಲಿ ಬ್ಯಾಚ್ ನಂಬರ್ ಇರಲಿ. ಅಪಸ್ಮಾರ, ಥೈರಾಯ್ಡ್‌ನಂಥ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಡಾಕ್ಟರರಿಗೆ ತಿಳಿಸದೆ ಕಂಪೆನಿ ಬದಲಾಯಿಸಬೇಡಿ.

ಆ ಹಿರಿಯರ ಬಿಪಿ ಅಂದು ಏರಿಯೇ ಇತ್ತಂತೆ. ಡಾಕ್ಟರರು ಜನೌಷಧಿಯ ಮಾತ್ರೆಯನ್ನೇ ಮುಂದುವರಿಸಲು ಹೇಳಿ, ತಿಂಗಳಿಗೊಮ್ಮೆ ಬಂದು ಬಿಪಿ ನೋಡಿಸಿಕೊಳ್ಳಲು ಸೂಚಿಸಿದ್ದಾರೆ. ಮಗ ಕುವೈತಿನಿಂದ ಕಳುಹಿಸಿದ್ದ ವಿಟಮಿನ್ ಡಬ್ಬಿಯನ್ನು ಕಳೆದ ವಾರ ನನಗೆ ತೋರಿಸಿದರು. ತಿರುಗಿಸಿ ನೋಡಿದೆ. ಮೇಡ್ ಇನ್ ಇಂಡಿಯಾ.