ಪುಕ್ಕಟೆ ಡ್ಯಾಶ್‌ಬೋರ್ಡ್ ಮತ್ತು ನಸುಕಿನ ಮೂರರ ಟ್ರಿಪ್

ಹಿಂಜವಾಡಿ ಅಂದರೆ ಗಾಜಿನ ಕಟ್ಟಡಗಳು ಅಂದುಕೊಂಡವರು ಒಮ್ಮೆ ಬೆಳಿಗ್ಗೆ ಎಂಟೂವರೆಗೆ ವಾಕಡ್ ಸೇತುವೆ ಹತ್ತಿರ ನಿಂತು ನೋಡಬೇಕು. ಆ ಕಟ್ಟಡಗಳನ್ನು ದಿನಾ ತುಂಬಿಸಿ ಖಾಲಿ ಮಾಡುವುದು ಬಸ್ಸು, ಟೆಂಪೊ ಟ್ರಾವೆಲರ್, ಕ್ಯಾಬುಗಳ ಸಣ್ಣ ಸಣ್ಣ ಮಾಲೀಕರು. ಅವರಲ್ಲಿ ನಮ್ಮ ವಿಜಯಪುರ, ಕಲಬುರಗಿ ಕಡೆಯವರೂ ಇದ್ದಾರೆ. ಡೈರಿಯಲ್ಲಿದ್ದ ಅವರ ಲೆಕ್ಕ ಈಗ ಡೇಟಾಬೇಸಿಗೆ ಬಂದಿದೆ. ಪೋಸ್ಟ್‌ಗ್ರೆಸ್ಸೋ ಮೈಎಸ್‌ಕ್ಯುಎಲ್ಲೋ, ಎರಡಕ್ಕೂ ಲೈಸೆನ್ಸಿನ ಕಾಸು ಕೊಡಬೇಕಿಲ್ಲ. ಆದರೆ ಒಳಗೆ ಬಿದ್ದ ಡೇಟಾವನ್ನು ಕಣ್ಣಿಗೆ ಕಾಣುವಂತೆ ಮಾಡುವ ಸಾಧನ? ಅದೂ ಪುಕ್ಕಟೆ ಸಿಗುತ್ತದೆಯೇ?

ಈ ಪ್ರಶ್ನೆ ನನಗೆ ತಂದವರು ಇಂಡಿ ತಾಲ್ಲೂಕಿನವರು, ನನಗಿಂತ ಹತ್ತು ವರ್ಷ ಹಿರಿಯರು. ಹಿಂಜವಾಡಿಯ ಮೂರೂ ಫೇಸ್‌ಗಳಿಗೆ ಗಾಡಿ ಬಿಡುತ್ತಾರೆ. ಅವರ ಸೋದರಳಿಯ ಎಂಜಿನಿಯರಿಂಗ್ ಮುಗಿಸಿದ ಹುಡುಗ, ಡ್ರೈವರುಗಳಿಗೆ ಒಂದು ಆ್ಯಪ್ ಮಾಡಿ ಟ್ರಿಪ್‌ಗಳನ್ನೆಲ್ಲ ಪೋಸ್ಟ್‌ಗ್ರೆಸ್‌ಗೆ ತುಂಬುತ್ತಿದ್ದಾನೆ. ಡ್ಯಾಶ್‌ಬೋರ್ಡ್ ಮಾರಲು ಬಂದ ಒಬ್ಬರು ತಲೆಗಿಷ್ಟು, ತಿಂಗಳಿಗಿಷ್ಟು ಅಂತ ದರ ಹೇಳಿದ್ದರು. ‘ಸರ, ನಂಗ ಬಣ್ಣಬಣ್ಣದ ಚಿತ್ರ ಬ್ಯಾಡ್ರಿ. ಯಾವ ರೂಟಿನ್ಯಾಗ ನನ್ನ ರೊಕ್ಕ ಹೊಂಟೈತಿ, ಅಷ್ಟು ಗೊತ್ತಾದ್ರ ಸಾಕು’ ಅಂದರು. ಇಷ್ಟು ಸ್ಪಷ್ಟವಾದ ರಿಕ್ವೈರ್‌ಮೆಂಟ್ ನನಗೆ ಆಫೀಸಿನಲ್ಲಿ ಯಾವತ್ತೂ ಸಿಕ್ಕಿಲ್ಲ.

ಮೊದಲು ‘ಪುಕ್ಕಟೆ’ ಎಂಬ ಮಾತನ್ನು ಬಿಡಿಸಿಕೊಳ್ಳೋಣ. ಪವರ್ ಬಿಐ ಡೆಸ್ಕ್‌ಟಾಪ್ ಪುಕ್ಕಟೆಯೇ, ಆದರೆ ವಿಂಡೋಸ್ ಬೇಕು. ಮಾಡಿದ್ದನ್ನು ಅದರ ಜಾಲದ ಮೂಲಕ ಆಫೀಸಿನ ಇನ್ನೊಬ್ಬರಿಗೆ ಹಂಚಬೇಕೆಂದರೆ ಲೈಸೆನ್ಸ್ ಮಾತು ಶುರುವಾಗುತ್ತದೆ. ಟ್ಯಾಬ್ಲೋ ಪಬ್ಲಿಕ್ ಕೂಡ ಪುಕ್ಕಟೆ, ಹೆಸರೇ ಹೇಳುವಂತೆ ಅಲ್ಲಿ ಪ್ರಕಟಿಸಿದ್ದು ಲೋಕಕ್ಕೆಲ್ಲ ಕಾಣುತ್ತದೆ. ಉದ್ಯೋಗಿಗಳನ್ನು ಯಾವ ಮನೆ ಮುಂದೆ ಎಷ್ಟು ಹೊತ್ತಿಗೆ ಇಳಿಸಿದೆವು ಎಂಬ ಡೇಟಾವನ್ನು ಅಲ್ಲಿ ಇಡುವ ಮಾತೇ ಇಲ್ಲ. ಇವೆರಡನ್ನೂ ಪಕ್ಕಕ್ಕಿಟ್ಟರೆ ಓಪನ್ ಸೋರ್ಸ್‌ನಲ್ಲಿ ಸಣ್ಣ ಉದ್ಯಮ ನಿಜಕ್ಕೂ ತೂಗಿ ನೋಡಬೇಕಾದವು ಮೂರು, ನಾಲ್ಕು.

ಅಪಾಚೆ ಸೂಪರ್‌ಸೆಟ್ 2015ರಲ್ಲಿ ಏರ್‌ಬಿಎನ್‌ಬಿ ಕಂಪನಿಯ ಒಂದು ಹ್ಯಾಕಥಾನ್‌ನಲ್ಲಿ ಹುಟ್ಟಿದ್ದು. ಮ್ಯಾಕ್ಸಿಮ್ ಬೋಶೆಮಿನ್ ಶುರು ಮಾಡಿದರು, 2021ರಲ್ಲಿ ಅಪಾಚೆಯ ಪೂರ್ಣ ಪ್ರಮಾಣದ ಯೋಜನೆಯಾಯಿತು. ಚಾರ್ಟುಗಳ ವೈವಿಧ್ಯದಲ್ಲಿ ಇದರ ಸಮಕ್ಕೆ ಬರುವುದು ಕಡಿಮೆ. ಯಾರಿಗೆ ಯಾವ ಸಾಲು ಕಾಣಬೇಕು ಎಂಬ ಕಟ್ಟುಪಾಡು ಕೂಡ ಪುಕ್ಕಟೆಯಲ್ಲೇ ಸಿಗುತ್ತದೆ. ಆದರೆ ಇದು ಒಂಟಿ ಪ್ರೋಗ್ರಾಂ ಅಲ್ಲ, ಅವಿಭಕ್ತ ಕುಟುಂಬ. ಪೈಥಾನ್, ರೆಡಿಸ್, ಸೆಲರಿ ಎಲ್ಲರನ್ನೂ ಸಾಕಬೇಕು. ಒಬ್ಬರಿಗೆ ಜ್ವರ ಬಂದರೆ ರಾತ್ರಿ ಎದ್ದು ನೋಡುವವರು ಬೇಕು.

ಮೆಟಾಬೇಸ್ ಇದಕ್ಕೆ ತದ್ವಿರುದ್ಧ. ಒಂದೇ ಜಾರ್ ಫೈಲ್, ಜಾವಾ ಇದ್ದರೆ ಓಡುತ್ತದೆ. ಎಸ್‌ಕ್ಯುಎಲ್ ಗೊತ್ತಿಲ್ಲದವರೂ ಮೌಸ್ ಒತ್ತಿ ‘ಈ ತಿಂಗಳು, ರೂಟ್‌ವಾರು, ಮೊತ್ತ’ ಎಂದು ಕೇಳಬಹುದು. ಇದರ ಪುಕ್ಕಟೆ ಆವೃತ್ತಿ ಎಜಿಪಿಎಲ್ ಲೈಸೆನ್ಸಿನಲ್ಲಿದೆ. ನಮ್ಮ ಆಫೀಸಿನೊಳಗೆ ಹಾಗೇ ಬಳಸಲು ಅದರಿಂದ ಏನೂ ತೊಂದರೆಯಿಲ್ಲ. ಆದರೆ ಒಬ್ಬ ಡ್ರೈವರಿಗೆ ಅವನ ಸಾಲುಗಳನ್ನಷ್ಟೇ ತೋರಿಸುವಂಥ ಸೌಲಭ್ಯ ಕಾಸು ಕೊಟ್ಟವರಿಗೆ ಮಾತ್ರ.

ರೀಡ್ಯಾಶ್ ಎಸ್‌ಕ್ಯುಎಲ್ ಬಲ್ಲವರಿಗೆ ಹಿತವಾದದ್ದು. ಅದನ್ನು 2020ರಲ್ಲಿ ಡೇಟಾಬ್ರಿಕ್ಸ್ ಕೊಂಡಿತು, ಮರುವರ್ಷ ಅದರ ಕ್ಲೌಡ್ ಸೇವೆ ನಿಂತಿತು. ಕೋಡ್ ಮುಕ್ತವಾಗಿದ್ದರಿಂದ ಬಳಗವೊಂದು ನಡೆಸಿಕೊಂಡು ಹೋಗುತ್ತಿದೆ. ಇದನ್ನು ಹೇಳಲು ಕಾರಣ, ಸಾಧನದ ಜೊತೆ ಅದರ ಹಿಂದೆ ಯಾರಿದ್ದಾರೆ ಎಂದೂ ನೋಡಬೇಕು. ಗ್ರಾಫಾನಾ ಸರ್ವರ್, ಯಂತ್ರಗಳ ಮೇಲೆ ಕಣ್ಣಿಡಲು ಸೊಗಸು, ಬಿಲ್ಲು-ಬಾಕಿಗೆ ಅಷ್ಟಾಗಿ ಒಗ್ಗುವುದಿಲ್ಲ. ನಮ್ಮ ದೇಶದ್ದೇ ಬೇಕೆನ್ನುವವರಿಗೆ, ಇಆರ್‌ಪಿನೆಕ್ಸ್ಟ್ ಮಾಡಿದ ಮುಂಬೈಯ ಫ್ರಾಪೆ ಕಂಪನಿಯ ‘ಇನ್‌ಸೈಟ್ಸ್’ ಇದೆ. ಇಆರ್‌ಪಿನೆಕ್ಸ್ಟ್ ಈಗಾಗಲೇ ಬಳಸುತ್ತಿದ್ದರೆ ಮೊದಲು ಅದನ್ನೇ ನೋಡಿ.

ಇಲ್ಲಿ ಯಾವುದು ಶ್ರೇಷ್ಠ ಎಂಬುದಕ್ಕಿಂತ, ನೋಡುವವರು ಯಾರು, ಸಾಕುವವರು ಯಾರು ಎಂಬುದೇ ನನಗೆ ಮುಖ್ಯ. ನಮ್ಮ ಹಿರಿಯರ ಆಫೀಸಿನಲ್ಲಿ ನೋಡುವವರು ಅವರು ಮತ್ತು ಒಬ್ಬ ಅಕೌಂಟೆಂಟ್. ಸಾಕುವವನು ಅಳಿಯ ಒಬ್ಬನೇ, ಅವನೂ ನಾಳೆ ಒಳ್ಳೆ ಕೆಲಸ ಸಿಕ್ಕರೆ ಬೆಂಗಳೂರಿಗೆ ಹೊರಡುವವನು. ಹಾಗಾಗಿ ಮೆಟಾಬೇಸ್ ಎಂದೆ. ನಾಲ್ಕು ಜನ ಅನಲಿಸ್ಟುಗಳು, ಒಬ್ಬ ಸರ್ವರ್ ನೋಡಿಕೊಳ್ಳುವವರು ಇದ್ದಿದ್ದರೆ ಸೂಪರ್‌ಸೆಟ್ ಅನ್ನುತ್ತಿದ್ದೆ.

ಅಳಿಯ ಒಂದು ಸಂಜೆಯಲ್ಲೇ ಎಲ್ಲ ನಿಲ್ಲಿಸಿದ. ನಿಜವಾದ ಕೆಲಸ ಆಮೇಲೆ ಶುರುವಾಯಿತು.

ಹಿಂಜವಾಡಿಯ ಗಾಡಿ ವ್ಯವಹಾರದಲ್ಲಿ ಅರ್ಧ ಜೀವ ರಾತ್ರಿ ಪಾಳಿಯದು. ತಿಂಗಳ ಮೊದಲ ತಾರೀಖು ನಸುಕಿನ ಮೂರಕ್ಕೆ ಒಂದು ಟ್ರಿಪ್ ಆಯಿತೆನ್ನಿ. ಡೇಟಾಬೇಸಿನಲ್ಲಿ ಸಮಯ ಇದ್ದದ್ದು ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದೆ. ಆ ಲೆಕ್ಕದಲ್ಲಿ ಅದು ಹಿಂದಿನ ತಿಂಗಳ ಕೊನೆಯ ದಿನ ರಾತ್ರಿ ಒಂಬತ್ತೂವರೆ! ನಸುಕಿನ ಐದೂವರೆಯೊಳಗಿನ ಪ್ರತಿ ಟ್ರಿಪ್ಪೂ ಹೀಗೆ ಹಿಂದಿನ ತಾರೀಖಿಗೆ ಜಾರಿತ್ತು. ಕಂಪನಿಗಳ ಟ್ರಾನ್ಸ್‌ಪೋರ್ಟ್ ಡೆಸ್ಕಿನವರು ಬಿಲ್ಲನ್ನು ತಾರೀಖುವಾರು ಗೇಟ್ ರಿಜಿಸ್ಟರಿಗೆ ತಾಳೆ ನೋಡುತ್ತಾರೆ. ತಾಳೆಯಾಗದ ಟ್ರಿಪ್ಪಿನ ದುಡ್ಡು ನಿಲ್ಲುತ್ತದೆ.

ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಒಬ್ಬ ಡ್ರೈವರು ಒಂದನೇ ತಾರೀಖಿನ ನಸುಕಿಗೆ ಎರಡು ಟ್ರಿಪ್ ಬರೆದಿದ್ದ, ಪರದೆಯ ಮೇಲೆ ಆ ದಿನ ಸೊನ್ನೆ. ‘ಹನ್ನೊಂದು ವರ್ಷದಿಂದ ನನ್ನ ಕೂಡ ಅದಾನ್ರಿ, ಈಗ ಸುಳ್ಳ ಬರೀಲಿಕ್ಕತ್ತಾನೇನ?’ ಎಂದು ಹಿರಿಯರು ಮುಖ ಸಣ್ಣ ಮಾಡಿದರು. ರಾತ್ರಿ ಭತ್ಯೆ ತಡೆಯುವ ಯೋಚನೆಯಲ್ಲಿದ್ದರು. ಅಳಿಯ, ನಾನು ಡೈರಿಯನ್ನೂ ಡೇಟಾಬೇಸಿನ ಮೂಲ ಸಾಲುಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದೆವು. ಡೈರಿ ಸರಿಯಾಗಿತ್ತು. ಪೆನ್ಸಿಲಿನಲ್ಲಿ ಬರೆದ ಡೈರಿಗಿಂತ ಪರದೆಯನ್ನು ಮೊದಲು ನಂಬುವ ಚಾಳಿ ನಮಗೆಲ್ಲ ಎಲ್ಲಿಂದ ಬಂತೋ.

ಮೆಟಾಬೇಸ್‌ನ ಸೆಟ್ಟಿಂಗ್‌ನಲ್ಲಿ ವರದಿಯ ಕಾಲವಲಯವನ್ನು ಏಷ್ಯಾ/ಕೋಲ್ಕತಾ ಎಂದು ಆರಿಸಬಹುದು. ನಾನು ಅಷ್ಟಕ್ಕೇ ಬಿಡಬೇಡ ಎಂದೆ. ಪೋಸ್ಟ್‌ಗ್ರೆಸ್‌ನಲ್ಲೇ ಒಂದು ವ್ಯೂ ಮಾಡಿ, ಅದರಲ್ಲಿ ನಮ್ಮ ತಾರೀಖು, ರೂಟಿನ ಹೆಸರು, ಖಾಲಿ ಓಡಿದ ಕಿಲೋಮೀಟರ್ ಎಲ್ಲ ಸ್ಪಷ್ಟವಾದ ಹೆಸರಿನ ಕಾಲಂಗಳಾಗಿ ಇರಲಿ. ನಾಳೆ ಮೆಟಾಬೇಸ್ ಬಿಟ್ಟು ಇನ್ನೊಂದಕ್ಕೆ ಹೋದರೂ ಆ ವ್ಯೂ ನಿಮ್ಮದೇ. ಸಾಧನ ಬಾಡಿಗೆ ಮನೆ ಇದ್ದಂತೆ, ಪಾತ್ರೆಪಗಡ ನಮ್ಮದಿರಬೇಕು.

ಇನ್ನೆರಡು ಕೆಲಸ ಕಡ್ಡಾಯ. ಒಂದು, ಡ್ಯಾಶ್‌ಬೋರ್ಡಿಗೆಂದೇ ಓದುವ ಅಧಿಕಾರ ಮಾತ್ರ ಇರುವ ಪ್ರತ್ಯೇಕ ಯೂಸರ್. ಅದಕ್ಕೆ ಸ್ಟೇಟ್‌ಮೆಂಟ್ ಟೈಮ್‌ಔಟ್ ಕೂಡ ಹಾಕಿ, ಇಲ್ಲದಿದ್ದರೆ ಅಕೌಂಟೆಂಟ್ ಮೂರು ವರ್ಷದ ಲೆಕ್ಕ ಕೇಳಿದ ಹೊತ್ತಿಗೆ ಡ್ರೈವರುಗಳ ಆ್ಯಪ್ ತಿಣುಕುತ್ತದೆ. ಎರಡು, ಮೆಟಾಬೇಸ್ ತನ್ನ ಪ್ರಶ್ನೆ, ಡ್ಯಾಶ್‌ಬೋರ್ಡುಗಳನ್ನು ಆರಂಭದಲ್ಲಿ ಎಚ್2 ಎಂಬ ಪುಟ್ಟ ಫೈಲ್ ಡೇಟಾಬೇಸಿನಲ್ಲಿ ಇಟ್ಟುಕೊಳ್ಳುತ್ತದೆ. ಡಾಕರ್ ಕಂಟೇನರ್ ಅಳಿಸಿದಾಗ ಅದೂ ಹೋಗಬಹುದು. ಮೊದಲ ದಿನವೇ ಅದನ್ನು ಪೋಸ್ಟ್‌ಗ್ರೆಸ್‌ಗೆ ಬದಲಿಸಿ, ಬ್ಯಾಕಪ್ಪಿಗೆ ಸೇರಿಸಿ.

ಭಾರದ ವರದಿಗಳ ಕಷ್ಟ ಸಣ್ಣವರಿಗಷ್ಟೇ ಅಲ್ಲ. ಬೆಂಗಳೂರಿನ ಜೆರೋಧಾ ತನ್ನ ದೊಡ್ಡ ಎಸ್‌ಕ್ಯುಎಲ್ ವರದಿಗಳನ್ನು ಸರತಿಯಲ್ಲಿ ನಿಲ್ಲಿಸಿ ಓಡಿಸಲು ಸ್ವಂತ ಪ್ರೋಗ್ರಾಂ ಬರೆದುಕೊಂಡು ಅದನ್ನು ಓಪನ್ ಸೋರ್ಸ್ ಮಾಡಿದೆ. ಹೆಸರು ‘ಡಂಗ್‌ಬೀಟಲ್’, ಅಂದರೆ ಸಗಣಿ ಹುಳ. ಡೇಟಾ ಕೆಲಸದ ಬಗ್ಗೆ ಇಷ್ಟು ಪ್ರಾಮಾಣಿಕ ಹೆಸರು ಇನ್ನೊಂದಿಲ್ಲ.

ಹಿರಿಯರ ರೂಟಿನ ಪ್ರಶ್ನೆಗೂ ಉತ್ತರ ಸಿಕ್ಕಿತು. ರೊಕ್ಕ ಹೋಗುತ್ತಿದ್ದದ್ದು ಅವರು ಅಂದುಕೊಂಡಿದ್ದ ದೂರದ ರೂಟಿನಲ್ಲಿ ಅಲ್ಲ, ಹತ್ತಿರದ ಒಂದರಲ್ಲಿ. ಇಳಿಸಿ ಖಾಲಿ ವಾಪಸ್ ಬರುವ ಓಟ ಅಲ್ಲಿ ಹೆಚ್ಚು. ಆ ರೂಟು ಮುಚ್ಚಿದರೆ ಇಬ್ಬರು ಡ್ರೈವರುಗಳಿಗೆ ಕೆಲಸವಿಲ್ಲ, ಅದಕ್ಕೇ ಮುಚ್ಚದೆ ಎರಡು ಪಾಳಿಗಳ ಗಾಡಿ ಹೊಂದಿಸುತ್ತಿದ್ದಾರೆ. ಭತ್ಯೆಯೂ ಪೂರ್ತಿ ಸಂದಾಯವಾಗಿದೆ. ಈಗ ಅವರಿಗೆ ರೂಟಿನ ಹೆಸರುಗಳು ಕನ್ನಡದಲ್ಲಿ, ಅಕಾರಾದಿಯಾಗಿ ಬೇಕಂತೆ. ಪೋಸ್ಟ್‌ಗ್ರೆಸ್‌ನಲ್ಲಿ ಕನ್ನಡದ ವಿಂಗಡಣೆ ಹೇಗೆ ಎಂಬುದನ್ನು ಮುಂದಿನ ಸಂಚಿಕೆಯಲ್ಲಿ ನೋಡೋಣ.