ಮಗು ತೂಕ ಹೆಚ್ಚಿಸಿಕೊಂಡರೆ ತಪ್ಪೇ?

‘ಒಂದು ಮಗುವಿಗೆ ಇಷ್ಟೊಂದು ದುಡ್ಡೇ? ಅದರಲ್ಲಿ ಒಂದು ಆಸ್ಪತ್ರೆಯನ್ನೇ ಕಟ್ಟಬಹುದಲ್ಲ’ ಎನ್ನುವವರು ಕೆಟ್ಟವರೇನಲ್ಲ. ಲೆಕ್ಕವನ್ನು ಅರ್ಧಕ್ಕೆ ನಿಲ್ಲಿಸಿದವರು, ಅಷ್ಟೆ.

ಗೌಚರ್ ಕಾಯಿಲೆಯನ್ನೇ ನೋಡಿ. ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಒಂದೊಂದು ಜೀನ್ ಬಂದರೆ ಮಗುವಿನಲ್ಲಿ ಒಂದು ಕಿಣ್ವ ಸರಿಯಾಗಿ ಕೆಲಸ ಮಾಡುವುದಿಲ್ಲ. (ತಾಯಿಯೊಬ್ಬಳನ್ನೇ ಹಳಿಯುವ ನೆಂಟರು ‘ಇಬ್ಬರಿಂದಲೂ’ ಎಂಬುದನ್ನು ಇನ್ನೊಮ್ಮೆ ಓದಲಿ.) ಕರಗಬೇಕಾದ ಕೊಬ್ಬಿನಂಶ ಗುಲ್ಮ, ಯಕೃತ್ತು, ಮೂಳೆಯ ಮಜ್ಜೆಗಳಲ್ಲಿ ಕೂತುಬಿಡುತ್ತದೆ. ಹೊಟ್ಟೆ ಊದುತ್ತದೆ, ರಕ್ತ ಕಡಿಮೆಯಾಗುತ್ತದೆ, ಮೂಳೆ ನೋಯುತ್ತದೆ. ಆ ಕಿಣ್ವವನ್ನು ಹೊರಗಿನಿಂದ ಕೊಡುವ ಔಷಧಿ 1991ರಿಂದಲೂ ಇದೆ. ಮೆದುಳನ್ನು ಬಾಧಿಸದ ಬಗೆಯಾದರೆ ಮಗು ಎಲ್ಲರಂತೆ ಶಾಲೆಗೆ ಹೋಗಬಹುದು. ಆದರೆ ಎರಡು ವಾರಕ್ಕೊಮ್ಮೆ ಡ್ರಿಪ್ ಬೇಕು, ಬದುಕಿರುವಷ್ಟು ದಿನವೂ. ಡೋಸ್ ನಿರ್ಧಾರವಾಗುವುದು ತೂಕದ ಮೇಲೆ.

ಇಲ್ಲೇ ನನ್ನ ತಕರಾರು. ಅಪರೂಪದ ಕಾಯಿಲೆಗಳ 2021ರ ರಾಷ್ಟ್ರೀಯ ನೀತಿಯಡಿ, 2022ರಿಂದ, ಒಬ್ಬ ರೋಗಿಗೆ ಹೆಚ್ಚೆಂದರೆ 50 ಲಕ್ಷ ರೂಪಾಯಿ ನೆರವು. ವರ್ಷಕ್ಕಲ್ಲ, ಒಟ್ಟಾರೆ. ಔಷಧಿ ಹಿಡಿದು ಮಗು ಮೈ ತುಂಬಿಕೊಂಡಷ್ಟೂ ಡೋಸ್ ಏರುತ್ತದೆ, ಹಣ ಬೇಗ ಮುಗಿಯುತ್ತದೆ. ಬೇರೆ ಮನೆಯಲ್ಲಿ ಮಗು ದುಂಡಗಾದರೆ ದೃಷ್ಟಿ ತೆಗೆಯುತ್ತಾರೆ; ಈ ಮನೆಯಲ್ಲಿ ಉಳಿದ ಹಣ ಎಣಿಸಬೇಕು.

ಅದೂ ಬೆಂಗಳೂರು ತಲುಪಿದವರ ಮಾತು. ಈ ನೀತಿಯಡಿ ರಾಜ್ಯಕ್ಕೆ ಗೊತ್ತುಮಾಡಿದ ಕೇಂದ್ರ ಇರುವುದು ಅಲ್ಲಿ, ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯಲ್ಲಿ. ಬಂಡೀಪುರದ ಕಾಡಂಚಿನ ಎನ್. ಬೇಗೂರಿನಲ್ಲಿ ಇಂಥ ಮಗು ಹುಟ್ಟಿದರೆ? ಊದಿದ ಹೊಟ್ಟೆಗೆ ಜಂತುಹುಳುವಿನ ಮಾತ್ರೆ, ರಕ್ತಕ್ಕೆ ಟಾನಿಕ್ಕು ಎನ್ನುತ್ತಲೇ ವರ್ಷಗಳು ಕಳೆದಾವು. ಕಾಯಿಲೆಯ ಹೆಸರು ತಿಳಿದ ಮೇಲೂ ಇನ್ನೂರು ಕಿಲೋಮೀಟರಿಗೂ ಮೀರಿದ ದಾರಿ, ತಿಂಗಳಿಗೆರಡು ಸಲ, ಕೂಲಿ ಬಿಟ್ಟು. ಡ್ರಿಪ್ ಹಾಕುವ ಕೆಲಸ ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಆಗಬೇಕು.

‘ಔಷಧಿಯೇ ದುಬಾರಿ, ಸರ್ಕಾರವೇನು ಮಾಡೀತು?’ ಇದೇ ಕಾಯಿಲೆಗೆ ದೊಡ್ಡವರು ನುಂಗುವ ಎಲಿಗ್ಲುಸ್ಟಾಟ್ ಕ್ಯಾಪ್ಸೂಲಿಗೆ ವರ್ಷಕ್ಕೆ 1.8ರಿಂದ 3.6 ಕೋಟಿ ರೂಪಾಯಿ ಆಗುತ್ತಿತ್ತು. ಅದನ್ನು ಭಾರತದಲ್ಲೇ ತಯಾರಿಸಿದ ಮೇಲೆ, 2023ರ ನವೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೇ ಹೇಳಿದ ಖರ್ಚು 3ರಿಂದ 6 ಲಕ್ಷ. ಒಳಗಿನ ಔಷಧಿ ಅದೇ. ಹಾಗಾದರೆ ಆ ಕೋಟಿಗಳು ಯಾವುದರ ಬೆಲೆ?

ಕಿಣ್ವವನ್ನು ಜೀವಕೋಶಗಳಲ್ಲಿ ಬೆಳೆಸಬೇಕು, ಕ್ಯಾಪ್ಸೂಲಿನಷ್ಟು ಸುಲಭವಲ್ಲ, ಒಪ್ಪಿದೆ. ಆದರೆ ಕ್ಯಾನ್ಸರಿನ ಜೈವಿಕ ಔಷಧಿಗಳನ್ನು ಬೆಂಗಳೂರಿನಲ್ಲೇ ತಯಾರಿಸಿ ಹೊರದೇಶಕ್ಕೆ ಮಾರುವ ನಮಗೆ ಇದು ಬಾರದ ವಿದ್ಯೆಯೇನಲ್ಲ. ಅಲ್ಲಿಯವರೆಗೆ ನೆರವು ವರ್ಷ ವರ್ಷವೂ, ತೂಕಕ್ಕೆ ತಕ್ಕಂತೆ ಬರಲಿ. ಅಗ್ಗವಾದ ಆ ಕ್ಯಾಪ್ಸೂಲು ನುಂಗುವ ವಯಸ್ಸಿಗೆ ಮಗು ಮುಟ್ಟುವ ತನಕವಾದರೂ.